ಗಂಟೆ ಒತ್ತುವ ಕಾಲು

ಕೋರಾ ಬೆಳಿಗ್ಗೆ ಒಲೆಯೊಳಗಿಟ್ಟು ಕಾಯಿಸಿದ ಇಟ್ಟಿಗೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಗಂಡನ ಕೈಗೆ ಕೊಡುತ್ತಿದ್ದಳು. ಹೋಬರ್ಟ್ ಕ್ರೈಡರ್ ಅದನ್ನು ಬಸ್ಸಿನ ಡ್ರೈವರ್ ಸೀಟಿನ ಕೆಳಗೆ, ಪಾದಕ್ಕೆ ತಾಗುವ ಹಾಗೆ ಇಟ್ಟುಕೊಳ್ಳುತ್ತಿದ್ದ. ಮೊದಲನೇ ಹಳ್ಳಿ ದಾಟುವಷ್ಟರಲ್ಲಿ ಇಟ್ಟಿಗೆ ತಣ್ಣಗಾಗುತ್ತಿತ್ತು. ಆಮೇಲೆ ಸಂಜೆಯವರೆಗೆ ಅವನ ಕಾಲು ಅವನದಾಗಿರುತ್ತಿರಲಿಲ್ಲ. ಕಂಪನಿ ಕೊಂಡಿದ್ದ ಬಸ್ಸುಗಳಲ್ಲಿ ಬೆಂಕಿಗೂಡು ಇರಲಿಲ್ಲ, ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಮತ್ತು ಇಂಡಿಯಾನಾದ ಜನವರಿ ಯಾರನ್ನೂ ನೋಡಿ ಮರುಗುವ ತಿಂಗಳಲ್ಲ.

ಅವನು ಬಸ್ಸಿನವನಲ್ಲ. ತಲೆಗೂದಲು ಕಪ್ಪಗಿದ್ದ ಕಾಲದಿಂದ ಬೆಳ್ಳಗಾಗುವವರೆಗೆ ಕರೆಂಟಿನ ರೈಲು ಓಡಿಸಿದವನು. ಊರಿಂದೂರಿಗೆ, ಹೊಲಗಳ ನಡುವೆ, ತಲೆಯ ಮೇಲಿನ ತಂತಿಯಿಂದ ಕರೆಂಟು ಹೀರಿಕೊಂಡು ಓಡುವ ಆ ಒಂಟಿ ಡಬ್ಬಿಯ ರೈಲು ಆ ಸೀಮೆಯ ಜನಕ್ಕೆ ಮನೆಯ ಆಳಿದ್ದ ಹಾಗಿತ್ತು. ಹಾಲಿನ ಕ್ಯಾನು, ಮೊಟ್ಟೆಯ ಬುಟ್ಟಿ, ಹೈಸ್ಕೂಲಿನ ಹುಡುಗಿಯರು, ಒಮ್ಮೊಮ್ಮೆ ಶವದ ಪೆಟ್ಟಿಗೆ, ಎಲ್ಲವೂ ಅದರಲ್ಲೇ. ಒಳಗೆ ಕಲ್ಲಿದ್ದಲ ಒಲೆ ಉರಿಯುತ್ತಿತ್ತು. ಅದನ್ನು ಓಡಿಸುವ ಮೋಟರ್‌ಮನ್ ಅಂದರೆ ಊರಿನಲ್ಲಿ ಟೋಪಿ ಎತ್ತಿ ಮಾತಾಡಿಸುತ್ತಿದ್ದರು.

ಹೆದ್ದಾರಿಗೆ ಕಾಂಕ್ರೀಟು ಬಿದ್ದ ಮೇಲೆ ರೈಲಿನ ಕಂಪನಿಯವರೇ ಬಸ್ಸು ತಂದರು. ರೈಲು ಮುಟ್ಟದ ಹಳ್ಳಿಗಳಿಂದ ಜನರನ್ನು ತಂದು ರೈಲಿಗೆ ಹತ್ತಿಸುವುದಕ್ಕೆ, ರೈಲಿಗೇ ಆಸರೆಯಾಗಲಿ ಅಂತ ಈ ಬಸ್ಸು, ಎಂದು ಮ್ಯಾನೇಜರ್ ಪ್ರೆಂಟಿಸ್ ಡಿಪೋದಲ್ಲಿ ಭಾಷಣ ಮಾಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೋಬರ್ಟನೂ ತಟ್ಟಿದ. ವರ್ಷ ತುಂಬುವುದರೊಳಗೆ ಅದೇ ಬಸ್ಸು ಹಳಿಯ ಪಕ್ಕದ ಹೆದ್ದಾರಿಯಲ್ಲೇ ಓಡತೊಡಗಿತು. ಆಸರೆಗೆ ಬಂದವರು ಮನೆಯ ಯಜಮಾನಿಕೆಗೆ ಕೈ ಹಾಕಿದ್ದನ್ನು ಕಂಡೂ ಯಾರೂ ಏನೂ ಅನ್ನಲಿಲ್ಲ, ಏಕೆಂದರೆ ಅನ್ನುವುದಕ್ಕೆ ಬೇಕಾದ ಧೈರ್ಯಕ್ಕಿಂತ ಮನೆಯ ಬಾಡಿಗೆ ದೊಡ್ಡದಾಗಿತ್ತು.

ಹೋಬರ್ಟನನ್ನು ಪ್ರೆಂಟಿಸನೇ ಕರೆಸಿ ಹೇಳಿದ್ದ.

"ಈ ಚಳಿಗಾಲ ಒಂದು ಬಸ್ಸು ನೋಡ್ಕೊಳ್ಳಿ ಹೋಬರ್ಟ್. ನಿಮ್ಮ ರೈಲು ಎಲ್ಲಿಗೂ ಹೋಗಲ್ಲ. ವಸಂತ ಬಂದ ಮೇಲೆ ನಿಮ್ಮ ಜಾಗಕ್ಕೆ ನೀವು."

"ನನಗೆ ಸ್ಟಿಯರಿಂಗ್ ಹಿಡಿದು ಗೊತ್ತಿಲ್ಲ ಸಾರ್."

"ಅದೇನು ಬ್ರಹ್ಮವಿದ್ಯೆಯಾ? ಒಂದು ಮಧ್ಯಾಹ್ನದಲ್ಲಿ ಬರುತ್ತೆ."

ಒಂದು ಮಧ್ಯಾಹ್ನವೇ ಕಲಿಸಿದರು. ಬಸ್ಸು ಮಾರಿದ ಕಾರ್ಖಾನೆಯಿಂದ ಬಂದಿದ್ದ, ತಲೆಗೆ ಎಣ್ಣೆ ಮೆತ್ತಿಕೊಂಡಿದ್ದ ಒಬ್ಬ ಯುವಕ ಕುದುರೆ ಜೂಜಿನ ಬಯಲಿನಲ್ಲಿ ಅವನನ್ನು ಕೂರಿಸಿ ನಾಲ್ಕು ಸುತ್ತು ತಿರುಗಿಸಿದ, ಬೆನ್ನು ತಟ್ಟಿ ಹೊರಟುಹೋದ.

ಕಷ್ಟವಿದ್ದದ್ದು ಕೈಯಲ್ಲಲ್ಲ, ಕಾಲಿನಲ್ಲಿ. ಕರೆಂಟಿನ ರೈಲಿನಲ್ಲಿ ಮೋಟರ್‌ಮನ್‌ನ ಬಲಗಾಲ ಕೆಳಗೆ ನೆಲದಲ್ಲಿ ಒಂದು ಹಿತ್ತಾಳೆ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಗಂಟೆ ಬಡಿಯುತ್ತದೆ. ಹಳಿಯ ಮೇಲೆ ಹಸು ಬರಲಿ, ಮಗು ಬರಲಿ, ಕುಡುಕ ಬರಲಿ, ಮೊದಲು ಕಾಲು ಗಂಟೆಯನ್ನು ತುಳಿಯುತ್ತದೆ, ಅದೇ ಹೊತ್ತಿಗೆ ಬಲಗೈ ಬ್ರೇಕಿನ ಹಿಡಿಯನ್ನು ಎಳೆಯುತ್ತದೆ. ಯೋಚನೆ ಆಮೇಲೆ. ಯೋಚಿಸಿ ತುಳಿಯುವವನು ಮೋಟರ್‌ಮನ್ ಅಲ್ಲ. ಬಸ್ಸಿನಲ್ಲಿ ಆ ಜಾಗದಲ್ಲಿ, ಅದೇ ಕಾಲಿನ ಕೆಳಗೆ, ಎಕ್ಸಲೇಟರ್ ಇತ್ತು.

ಮೊದಲ ವಾರವೇ ಒಂದು ನಾಯಿ ಅಡ್ಡ ಬಂತು. ಹೋಬರ್ಟನ ಕಾಲು ಜೋರಾಗಿ ತುಳಿಯಿತು, ಬಲಗೈ ಗಾಳಿಯಲ್ಲಿ ಇಲ್ಲದ ಹಿಡಿಯನ್ನು ಎಳೆಯಿತು. ಬಸ್ಸು ಮುಂದಕ್ಕೆ ನೆಗೆಯಿತು. ನಾಯಿಯ ಆಯುಸ್ಸು ಗಟ್ಟಿಯಿತ್ತು, ತಪ್ಪಿಸಿಕೊಂಡಿತು. ಸುದ್ದಿ ಬಸ್ಸಿಗಿಂತ ಮೊದಲೇ ಡಿಪೋ ಸೇರಿತು.

"ಏನೋ ಹೋಬರ್ಟ್, ನಿನ್ನ ಬಸ್ಸಿಗೆ ನಾಯಿ ಕಂಡ್ರೆ ಅಟ್ಟಿಸ್ಕೊಂಡು ಹೋಗೋ ಚಾಳಿಯಂತಲ್ಲ?" ಎಂದ ಲೇಫ್ ಮಲೋನಿ. ಲೇಫ್ ಅವನ ರೈಲಿನಲ್ಲೇ ಕಂಡಕ್ಟರಾಗಿದ್ದವನು, ಈಗ ನೌಕರರ ಸಂಘದ ಮುಖಂಡ. ಜೀವನವೆಲ್ಲ ಟಿಕೆಟ್ಟು ಹರಿದ ಆ ಮನುಷ್ಯನ ನಾಲಿಗೆಗೆ ಮಾತ್ರ ಬ್ರೇಕು ಇರಲಿಲ್ಲ.

"ನಗಬೇಡ ಕಣೋ. ಕಾಲು ನನ್ನ ಮಾತು ಕೇಳಲ್ಲ."

"ಹೆಂಡತಿ ಕೇಳಲ್ಲ, ಕಾಲಾದ್ರೂ ಕೇಳಬಾರದಾ?"

ಸುತ್ತಲಿದ್ದವರು ನಕ್ಕರು. ಆದರೆ ಅವರಲ್ಲಿ ಬಸ್ಸಿನ ಕೆಲಸಕ್ಕೆ ಬಿದ್ದಿದ್ದ ಇನ್ನಿಬ್ಬರು ಮೋಟರ್‌ಮನ್‌ಗಳು ನಗಲಿಲ್ಲ. ಒಬ್ಬ ತನ್ನ ಬೂಟನ್ನೇ ನೋಡುತ್ತಾ, "ನಂದೂ ಹಂಗೇ ಹೋಗುತ್ತೆ," ಅಂದ. ನಗು ನಿಂತಿತು.

ಹೋಬರ್ಟ್ ಪ್ರೆಂಟಿಸನ ಬಳಿ ಹೋದ. ಪ್ರೆಂಟಿಸ್ ಪೆಪ್ಪರ್‌ಮಿಂಟು ಚೀಪುತ್ತಾ ಕೇಳಿಸಿಕೊಂಡ.

"ಜನ ಇಲ್ಲದ ಬಸ್ಸು ಕೊಡಿ ಸಾರ್. ಸ್ವಲ್ಪ ದಿನ ಖಾಲಿ ಓಡಿಸ್ತೀನಿ. ಕಾಲಿಗೆ ಹೊಸ ಅಭ್ಯಾಸ ಆಗಬೇಕು. ನನಗೊಬ್ಬನಿಗೇ ಅಲ್ಲ, ಉಳಿದೋರಿಗೂ."

"ಖಾಲಿ ಬಸ್ಸಿಗೆ ಪೆಟ್ರೋಲ್ ಯಾರಪ್ಪ ಹಾಕ್ತಾನೆ? ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳಿಬಿಡಿ ಹೋಬರ್ಟ್. ಹೊಲ ಬಿಟ್ಟು ಬಂದ ಹುಡುಗರು ಬಾಗಿಲಲ್ಲೇ ನಿಂತಿದ್ದಾರೆ. ನೀವು ಪಡೆಯೋದರಲ್ಲಿ ಅರ್ಧಕ್ಕೆ ಬರ್ತಾರೆ."

"ಆಗುತ್ತೆ ಸಾರ್," ಎಂದು ಹೇಳಿ ಹೋಬರ್ಟ್ ಹೊರಗೆ ಬಂದ. ಬಡವನ ಬಾಯಲ್ಲಿ ಈ ಒಂದು ಮಾತು ಎಷ್ಟು ಸಲೀಸಾಗಿ ಬರುತ್ತದೋ ಅಷ್ಟೇ ಸಲೀಸಾಗಿ ಅವನ ಕುತ್ತಿಗೆಗೂ ಬರುತ್ತದೆ. ವಸಂತದವರೆಗೆ ತಾನೇ, ಆಮೇಲೆ ನನ್ನ ರೈಲು ನನಗೆ, ಎಂದು ಅವನು ತನಗೆ ತಾನೇ ಹೇಳಿಕೊಂಡ. ಮನೆಗೆ ಹೋಗಿ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಬಲಗಾಲನ್ನು ಪಕ್ಕಕ್ಕೆ ಸರಿಸಿ ಸರಿಸಿ ಅಭ್ಯಾಸ ಮಾಡಿದ. ಕೋರಾ ನೋಡಿ, "ಯಾರ ಮದುವೆಗೆ ಕುಣಿಯೋದಕ್ಕೆ ತಯಾರಿ?" ಎಂದಳು.

ಹುಲ್ಡಾ ಮುದುಕಿ ಮೊಟ್ಟೆ ಮಾರುವವಳು. ವಿಧವೆ. ಮಗಳ ಜೊತೆ ಹೆದ್ದಾರಿಯ ಪಕ್ಕದ ಸಣ್ಣ ತೋಟದ ಮನೆಯಲ್ಲಿದ್ದಳು. ವರ್ಷಾನುಗಟ್ಟಲೆ ಹೋಬರ್ಟನ ರೈಲಿನಲ್ಲಿ ಪೇಟೆಗೆ ಹೋಗಿ ಬಂದವಳು. ಹಳಿಯ ಪಕ್ಕದ ಹಲಗೆಯ ಕಟ್ಟೆಯ ತುದಿಯಲ್ಲೇ ನಿಲ್ಲುವುದು ಅವಳ ಅಭ್ಯಾಸ. ರೈಲು ಹಳಿ ಬಿಟ್ಟು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಲ್ಲಿ ರೈಲು ನಿಲ್ಲುವುದನ್ನು ಕಂಪನಿ ತಪ್ಪಿಸಿದ ಮೇಲೆ ಅವಳು ಬಸ್ಸಿಗೆ ಬಂದಳು. ಬಸ್ಸಿಗೆ ಕಟ್ಟೆ ಇರಲಿಲ್ಲ. ಅವಳು ರಸ್ತೆಯ ಅಂಚಿನಲ್ಲಿ, ಹಳಿಯ ಪಕ್ಕ ನಿಲ್ಲುವಷ್ಟೇ ಹತ್ತಿರ, ನಿಲ್ಲುತ್ತಿದ್ದಳು.

"ಹಿಂದಕ್ಕೆ ನಿಲ್ಲಮ್ಮ," ಎಂದು ಹೋಬರ್ಟ್ ದಿನವೂ ಬೈಯುತ್ತಿದ್ದ.

"ನೀನು ಓಡಿಸೋವಾಗ ನನಗೇನು ಭಯ ಮಗಾ?" ಎಂದು ಅವಳು ದಿನವೂ ನಗುತ್ತಿದ್ದಳು.

ಆ ಬೆಳಿಗ್ಗೆ ರಸ್ತೆ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಹೋಬರ್ಟ್ ಬಹಳ ನಿಧಾನವಾಗಿ ಬಂದ. ಮುದುಕಿಯನ್ನು ದೂರದಿಂದಲೇ ಕಂಡ. ಇನ್ನೇನು ಬ್ರೇಕು ತುಳಿದು ಬಸ್ಸು ನಿಲ್ಲಿಸಬೇಕು, ಅವಳು ಬುಟ್ಟಿ ಎತ್ತಿಕೊಳ್ಳಲು ಬಗ್ಗಿದಳು, ಜಾರಿ ಬಸ್ಸಿನ ಮುಂದಕ್ಕೇ ಬಿದ್ದಳು. ಬ್ರೇಕು ತುಳಿದಿದ್ದರೆ ಬಸ್ಸು ಅಲ್ಲೇ ನಿಲ್ಲುತ್ತಿತ್ತು. ಹೋಬರ್ಟನ ಕಾಲು ಗಂಟೆಯನ್ನು ತುಳಿಯಿತು. ಸರಿಯಾಗಿ, ಶಕ್ತಿಯನ್ನೆಲ್ಲ ಹಾಕಿ, ಒಳ್ಳೆಯ ಮೋಟರ್‌ಮನ್ ಹೇಗೆ ತುಳಿಯಬೇಕೋ ಹಾಗೆ ತುಳಿಯಿತು.

ಗಂಟೆ ಬಡಿಯಲಿಲ್ಲ. ಬಸ್ಸು ಹುಲ್ಡಾಳ ಮೇಲೆ ಹರಿಯಿತು.

ಅವನನ್ನು ಕೆಲಸದಿಂದ ನಿಲ್ಲಿಸಿದರು. ಸಾವಿನ ವಿಚಾರಣೆ ಮುಂದಿನ ವಾರ ಎಂದರು. ಹೋಬರ್ಟ್ ಅಡುಗೆಮನೆಯಲ್ಲೇ ಕೂತಿದ್ದ. ಕೋರಾ ಬೀನ್ಸು ಬೇಯಿಸಿ ಮುಂದಿಟ್ಟರೆ ಅದು ತಣ್ಣಗಾಗಿ ಗಟ್ಟಿಯಾಗುವವರೆಗೂ ನೋಡುತ್ತಿದ್ದ. ಎರಡನೇ ದಿನ ಪ್ರೆಂಟಿಸ್ ತಾನಾಗಿಯೇ ಮನೆಗೆ ಬಂದ. ಕೋರಾ ಅವನಿಗೆ ಒಳ್ಳೆಯ ಕಪ್ಪಿನಲ್ಲಿ ಕಾಫಿ ಕೊಟ್ಟಳು.

"ಐಸಿನ ಮೇಲೆ ಬಸ್ಸು ಜಾರಿತು. ಅಷ್ಟು ಹೇಳಿ ಸಾಕು," ಎಂದ ಪ್ರೆಂಟಿಸ್. "ಐಸು ದೇವರ ಕೆಲಸ. ನಿಮ್ಮ ತಪ್ಪೂ ಅಲ್ಲ, ನಮ್ಮ ತಪ್ಪೂ ಅಲ್ಲ."

"ಬಸ್ಸು ಜಾರಲಿಲ್ಲ ಸಾರ್. ನನ್ನ ಕಾಲು ಎಕ್ಸಲೇಟರ್ ತುಳೀತು. ನಾನು ನಿಮಗೆ ಮೊದಲೇ ಹೇಳಿದ್ದೆ."

"ಯಾವಾಗ ಹೇಳಿದ್ರಿ?" ಪ್ರೆಂಟಿಸ್ ಬಹಳ ಮೃದುವಾಗಿ ಕೇಳಿದ. "ನನಗೆ ನೆನಪಿಲ್ಲವಲ್ಲ."

ಅವನು ಹೋದ ಮೇಲೆ ಕೋರಾ ಗಂಡನ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಐಸಿನ ಮೇಲೆ ಹಾಕಿಬಿಡು. ಐಸಿಗೇನು ಹೆಂಡತಿ ಇದ್ದಾಳಾ, ಬಾಡಿಗೆ ಕಟ್ಟಬೇಕಾ?"

"ಅವಳು ನನ್ನನ್ನ ನೋಡಿದಳು ಕೋರಾ. ಬಿದ್ದವಳು ತಲೆ ಎತ್ತಿ ನನ್ನನ್ನೇ ನೋಡಿದಳು. ಹೆದರಿರಲಿಲ್ಲ. ನಾನು ನಿಲ್ಲಿಸ್ತೀನಿ ಅಂತ ನಂಬಿಕೆ ಅವಳಿಗೆ."

ಕೋರಾ ಎದ್ದು ಪ್ರೆಂಟಿಸ್ ಕುಡಿದ ಕಪ್ಪನ್ನು ತೊಳೆಯತೊಡಗಿದಳು.

ಸಂಘದವರು ಸೇರಿದರು. ಐಸು ಎಂದರೆ ಎಲ್ಲರೂ ಬಚಾವು ಎಂದು ಕೆಲವರು ಹೇಳಿದರು. ಲೇಫ್ ಮೇಜು ಗುದ್ದಿದ.

"ಇವತ್ತು ಐಸು ಅನ್ನಿ. ನಾಳೆ ನಿಮ್ಮ ಕಾಲು ಒಂದು ಮಗೂನ ಕೊಲ್ಲುತ್ತೆ. ಅವತ್ತೇನು ಬಿಸಿಲು ಅಂತೀರಾ? ಕಲಿಸದೆ ಕೂರಿಸಿದೋನು ಪ್ರೆಂಟಿಸ್. ಅದನ್ನ ಎಲ್ಲರ ಎದುರಿಗೆ ಹೇಳಿಸಬೇಕು. ಇದೇ ಸಮಯ."

ಆ ಮಾತು ನ್ಯಾಯವಾಗಿತ್ತು. ಇಂದಿಗೂ ನ್ಯಾಯವಾಗಿಯೇ ಇದೆ. ನ್ಯಾಯವಾದ ಮಾತಿನಿಂದ ಬಡವರಿಗೆ ಒಳ್ಳೆಯದೇ ಆಗಬೇಕೆಂಬ ಕಾನೂನು ಮಾತ್ರ ಇಂಡಿಯಾನಾದಲ್ಲೂ ಇರಲಿಲ್ಲ.

ಆ ಊರಿನಲ್ಲಿ ಮೇಜು, ಮಂಚ ಮಾರುವವನೇ ಶವದ ಪೆಟ್ಟಿಗೆಯನ್ನೂ ಮಾರುತ್ತಿದ್ದ. ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ ವಿಚಾರಣೆ ನಡೆಯಿತು. ವಿಚಾರಣಾಧಿಕಾರಿ ಊರಿನ ಡಾಕ್ಟರು, ಬೇಗ ಮುಗಿಸಿ ಊಟಕ್ಕೆ ಹೋಗಬೇಕಾಗಿದ್ದ ಮನುಷ್ಯ. ಹುಲ್ಡಾಳ ಮಗಳು ಮುಂದಿನ ಸಾಲಿನಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು. ಪ್ರೆಂಟಿಸನ ಪಕ್ಕದಲ್ಲಿ ಕಂಪನಿಯ ವಕೀಲ. ಹಿಂದೆಲ್ಲ ರೈಲಿನ ನೌಕರರು, ಮಾರಾಟಕ್ಕಿಟ್ಟ ಕುರ್ಚಿಗಳಲ್ಲಿ ಅಳುಕುತ್ತಾ ಕೂತವರು.

ಹೋಬರ್ಟ್ ಬೈಬಲ್ ಮುಟ್ಟಿ ನಡೆದದ್ದನ್ನೆಲ್ಲ ಹೇಳಿದ. ಗಂಟೆಯ ವಿಷಯ, ಒಂದು ಮಧ್ಯಾಹ್ನದ ಪಾಠ, ಪ್ರೆಂಟಿಸನ ಬಳಿ ಹೋಗಿ ಕೇಳಿದ್ದು.

ವಕೀಲ ಎದ್ದ. "ಅಂದರೆ ನಿಮ್ಮ ಕಾಲು ನಿಮ್ಮ ಹಿಡಿತದಲ್ಲಿಲ್ಲ."

"ಇಲ್ಲ ಸಾರ್."

"ಬೇರೆ ಯಾರ ಕಾಲೂ ಹಾಗಿಲ್ಲ. ನಿಮ್ಮದೊಂದೇ. ಇದು ನಿಮ್ಮೊಬ್ಬರ ದೌರ್ಬಲ್ಯ."

ಹೋಬರ್ಟ್ ಅಲ್ಲಿ ಒಬ್ಬನೇ ನಿಂತಿದ್ದ. ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು. ಲೇಫ್ ಎದ್ದಿದ್ದ.

"ನನ್ನ ಕಾಲೂ ಹಾಗೇ," ಎಂದ.

ಡಾಕ್ಟರು ಕನ್ನಡಕದ ಮೇಲಿಂದ ನೋಡಿದ. "ಮಾತಾಡೋದಾದ್ರೆ ಮುಂದೆ ಬಂದು ಪ್ರಮಾಣ ಮಾಡಿ ಮಾತಾಡಪ್ಪ."

ಲೇಫ್ ಮುಂದೆ ಬಂದ, ಬೈಬಲ್ ಮೇಲೆ ಕೈಯಿಟ್ಟ, ಮತ್ತೆ ಅದನ್ನೇ ಹೇಳಿದ. ಅವನು ಕಂಡಕ್ಟರು. ಹುಟ್ಟಿದಾಗಿನಿಂದ ಒಮ್ಮೆಯೂ ಆ ಗುಂಡಿಯನ್ನು ತುಳಿದವನಲ್ಲ. ಅದು ಅಲ್ಲಿದ್ದ ಪ್ರತಿಯೊಬ್ಬ ನೌಕರನಿಗೂ ಗೊತ್ತಿತ್ತು. ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಮೋಟರ್‌ಮನ್‌ಗಳು ಎದ್ದರು, ಕಂಡಕ್ಟರುಗಳು ಎದ್ದರು. ಒಬ್ಬೊಬ್ಬನೂ ಬಂದು ಬೈಬಲ್ ಮುಟ್ಟಿ, "ನನ್ನ ಕಾಲೂ ಹಾಗೇ," ಎಂದ. ಹೋಬರ್ಟನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ. ವಕೀಲ ಒಮ್ಮೆಯೂ ಆಕ್ಷೇಪಿಸಲಿಲ್ಲ. ಪ್ರೆಂಟಿಸ್ ಕುರ್ಚಿಯಲ್ಲೇ ತಿರುಗಿ, ಪೆಪ್ಪರ್‌ಮಿಂಟು ಚೀಪುತ್ತಾ, ಬಂದು ಹೋಗುವ ಒಂದೊಂದು ಮುಖವನ್ನೂ ನೋಡುತ್ತಿದ್ದ.

ಡಾಕ್ಟರು ತೀರ್ಪು ಹೇಳಿದ. ಆಕಸ್ಮಿಕ ಸಾವು. ಹೋಬರ್ಟನ ಮೇಲೆ ಮೊಕದ್ದಮೆ ಬೇಡ. ಬಸ್ಸಿಗೆ ತಕ್ಕ ಅಭ್ಯಾಸ ಇಲ್ಲದವರನ್ನು ಕಂಪನಿ ಬಸ್ಸಿನಲ್ಲಿ ಕೂರಿಸಬಾರದು.

"ಖಂಡಿತ ಡಾಕ್ಟರೇ," ಎಂದ ಪ್ರೆಂಟಿಸ್.

ಅಂದು ಅವರೆಲ್ಲ ಸ್ಟೇಷನ್ನಿನ ಎದುರಿನ ಹೋಟೆಲಿಗೆ ನುಗ್ಗಿ ಕಾಫಿ ಕುಡಿದರು, ಸೇಬಿನ ಪೈ ತಿಂದರು. ಯಾರೋ ಲೇಫನ ಕಾಲನ್ನು ಬೆಂಚಿನ ಮೇಲೆ ಎತ್ತಿಟ್ಟು, "ಪಾಪ, ಈ ಕಾಲಿಗೆ ಎಂಥಾ ಕಾಯಿಲೆ," ಎಂದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಕಂಪನಿಯನ್ನು ಬಗ್ಗಿಸಿದೆವು ಎಂದುಕೊಂಡರು. ಬಡವರ ಗೆಲುವಿಗೆ ಒಂದು ಮಧ್ಯಾಹ್ನದಷ್ಟು ಆಯುಸ್ಸು ಇರುತ್ತದೆ, ಅದನ್ನು ಅವರು ಚೆನ್ನಾಗಿಯೇ ಉಂಡರು.

ಹೊಲಗಳಲ್ಲಿ ಹಿಮ ಕರಗುವ ಹೊತ್ತಿಗೆ ರೈಲು ನಿಂತಿತು. ಜನ ಬಸ್ಸಿಗೆ ಹೋದರು, ರೈಲಿಗೆ ಯಾರೂ ಬರುತ್ತಿಲ್ಲ, ಎಂದು ಕಂಪನಿ ಸರ್ಕಾರಕ್ಕೆ ಅರ್ಜಿ ಹಾಕಿತ್ತು. ಆ ಬಸ್ಸೂ ತನ್ನದೇ ಎಂಬುದನ್ನು ಹೇಳಲು ಸಂಕೋಚವೇನೂ ಪಡಲಿಲ್ಲ. ಸರ್ಕಾರ ಆಗಲಿ ಎಂದಿತು. ರೈಲು ನಿಂತರೆ ಎಲ್ಲರಿಗೂ ಬಸ್ಸಿನಲ್ಲಿ ಕೆಲಸ ಎಂದು ಸಂಘಕ್ಕೂ ಕಂಪನಿಗೂ ಹಳೆಯ ಮಾತಾಗಿತ್ತು. ಅದನ್ನು ಕೇಳಲು ಎಲ್ಲರೂ ಡಿಪೋಗೆ ಹೋದರು. ಹೋಬರ್ಟನೂ ಹೋದ.

ಪ್ರೆಂಟಿಸ್ ಮೆಟ್ಟಿಲ ಮೇಲೆ ನಿಂತಿದ್ದ.

"ನಿಮ್ಮ ಕಾಲಿನ ವಿಷಯ ನಾನು ಹೇಳಿದ್ದಲ್ಲ. ನೀವೇ ಬೈಬಲ್ ಮುಟ್ಟಿ ಹೇಳಿದ್ದು. ಅಭ್ಯಾಸ ಇಲ್ಲದೋರನ್ನ ಕೂರಿಸಬಾರದು ಅಂತ ಡಾಕ್ಟರು ತೀರ್ಪು ಕೊಟ್ಟಿದ್ದಾರೆ. ಜನರ ಜೀವಾನ ಅಂಥ ಕಾಲುಗಳ ಕೆಳಗೆ ನಾನು ಹೇಗಪ್ಪ ಇಡಲಿ?"

ಲೇಫ್ ಒಂದು ಮೆಟ್ಟಿಲು ಹತ್ತಿದ.

"ಕಲಿಸಿ ಅಂತ ತಾನೇ ನಾವು ಕೇಳಿದ್ದು," ಎಂದ. "ಕಲಿಸಿ. ಕಲೀತೀವಿ."

"ಕಲಿತವರೇ ಸಿಗೋವಾಗ ಕಲಿಸೋದ್ಯಾಕೆ? ಆದರೂ ನಾನು ಕಟುಕ ಅಲ್ಲ. ಪರೀಕ್ಷೆ ಇಡ್ತೀನಿ. ಒಬ್ಬೊಬ್ಬರೇ ಬನ್ನಿ."

ಡಿಪೋದೊಳಗೆ ಒಂದು ಬಸ್ಸು ನಿಂತಿತ್ತು. ಇಂಜಿನ್ನು ಓಡುತ್ತಿತ್ತು, ಗೇರಿನಲ್ಲಿರಲಿಲ್ಲ. ಒಬ್ಬನನ್ನು ಸ್ಟಿಯರಿಂಗ್ ಹಿಂದೆ ಕೂರಿಸುವುದು, ಎಕ್ಸಲೇಟರ್ ಮೇಲೆ ಕಾಲಿಡಿಸುವುದು, ಅದು ಇದು ಮಾತಾಡಿಸುತ್ತಾ ಇರುವುದು, ಇದ್ದಕ್ಕಿದ್ದಂತೆ ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಹುಲ್ಲಿನ ಮೂಟೆಯನ್ನು ಎದುರು ಗಾಜಿನ ಮುಂದೆ ಬಿಡುವುದು. ಬಾಗಿಲು ಮುಚ್ಚಿತ್ತು. ಹೊರಗೆ ನಿಂತವರಿಗೆ ಒಳಗಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಮೊದಲನೆಯವನು ಒಳಗೆ ಹೋದ. ಸ್ವಲ್ಪ ಹೊತ್ತು ಗುರುಗುರು. ಆಮೇಲೆ ಇಂಜಿನ್ನು ಕಿರುಚಿತು. ಅವನು ಹೊರಗೆ ಬಂದು ಯಾರ ಮುಖವನ್ನೂ ನೋಡದೆ ಗೋಡೆಗೆ ಒರಗಿದ. ಎರಡನೆಯವನು ಹೋದ. ಮತ್ತೆ ಕಿರುಚಿತು. ಒಬ್ಬ ತನ್ನ ತೊಡೆಯನ್ನು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ಕೂತೆ ಎಂದ, ಆದರೂ ಕಿರುಚಿತು. ಒಳಗೆ ಕಚೇರಿಯ ಗುಮಾಸ್ತರು ಸೇರಿಕೊಂಡಿದ್ದರು. ಪ್ರತಿ ಸಲವೂ ಅವರು ನಗುವುದು ಕೇಳಿಸುತ್ತಿತ್ತು.

ಲೇಫ್ ಒಳಗೆ ಹೋದ. ಗುರುಗುರು ಸದ್ದು ಹಾಗೇ ಇತ್ತು. ಹಗ್ಗ ಜಗ್ಗಿದ್ದು ಕೇಳಿಸಿತು, ಮೂಟೆ ಬಿದ್ದದ್ದು ಕೇಳಿಸಿತು. ಇಂಜಿನ್ನು ಕಿರುಚಲಿಲ್ಲ. ಹೊರಗಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಹೋಬರ್ಟನಿಗೆ ಎದೆ ತುಂಬಿ ಬಂತು. ಒಬ್ಬನಾದರೂ ಉಳಿದ, ಕಂಡಕ್ಟರುಗಳಾದರೂ ಉಳಿಯುತ್ತಾರೆ, ಎಂದುಕೊಂಡ.

ಬಾಗಿಲು ತೆರೆಯಿತು. ಪ್ರೆಂಟಿಸ್ ಲೇಫನ ಹೆಗಲ ಮೇಲೆ ಕೈ ಹಾಕಿಕೊಂಡು ಹೊರಗೆ ಬಂದ.

"ಬಂಗಾರದಂಥ ಕಾಲು," ಎಂದ. "ಒಂದಿಷ್ಟೂ ಅಲ್ಲಾಡಲಿಲ್ಲ. ಆದರೆ ಮಲೋನಿ, ಅವತ್ತು ದೇವರ ಪುಸ್ತಕ ಮುಟ್ಟಿ ನನ್ನ ಕಾಲೂ ಹಾಗೇ ಅಂದ್ರಲ್ಲ? ಸುಳ್ಳು ಪ್ರಮಾಣ ಮಾಡಿದೋರನ್ನ ಕಂಪನಿ ಹೇಗೆ ನಂಬೋದು? ಜೈಲಿಗೆ ಕಳಿಸೋ ವಿಷಯ ಅದು. ನಾನು ಕಳಿಸಲ್ಲ. ಮನೆಗೆ ಹೋಗಿ." ಆಮೇಲೆ ಉಳಿದ ಕಂಡಕ್ಟರುಗಳ ಕಡೆ ತಿರುಗಿ, "ಇನ್ಯಾರು ಬರ್ತೀರಿ?" ಎಂದ.

ಯಾರೂ ಹೋಗಲಿಲ್ಲ. ಕಾಲು ಅಲ್ಲಾಡಿದರೆ ಕೆಲಸಕ್ಕೆ ಬಾರದವರು, ಅಲ್ಲಾಡದಿದ್ದರೆ ಸುಳ್ಳುಗಾರರು. ಹೊಲದಿಂದ ಬಂದ ಹುಡುಗರು ಅರ್ಧ ಕೂಲಿಗೆ ಅಂದೇ ಬಸ್ಸು ಹತ್ತಿದರು.

ಊರ ಕಡೆಗೆ ಹೋಗುವುದಕ್ಕೆ ಈಗ ಉಳಿದದ್ದು ಕಂಪನಿಯ ಬಸ್ಸೊಂದೇ. ಅದಕ್ಕೆ ಟಿಕೆಟ್ಟು ಕೊಳ್ಳಲು ಯಾರಿಗೂ ಮನಸ್ಸಾಗಲಿಲ್ಲ. ಹೆದ್ದಾರಿಯ ಅಂಚಿನಲ್ಲಿ ಸಾಲಾಗಿ ನಡೆದರು. ಹೋಬರ್ಟ್ ಲೇಫನ ಪಕ್ಕದಲ್ಲಿದ್ದ. ಹಿಂದಿನಿಂದ ಬಂದ ಬಸ್ಸೊಂದು ಹಾರ್ನು ಹೊಡೆಯಿತು. ಎಲ್ಲರೂ ಕೆಸರಿಗೆ ಇಳಿದು ದಾರಿ ಬಿಟ್ಟರು. ಬಸ್ಸು ತುಂಬಿತ್ತು. ಕಿಟಕಿಯಲ್ಲಿದ್ದ ಹುಲ್ಡಾಳ ಮಗಳು ಅವರನ್ನು ಕಂಡು ಮುಖ ತಿರುಗಿಸಿಕೊಂಡಳು.

"ನಿನ್ನ ಕಾಲಿಗೆ ಗಂಟೆಯೇ ಇರಲಿಲ್ಲ," ಎಂದ ಹೋಬರ್ಟ್. "ಯಾಕೋ ಎದ್ದು ನಿಂತೆ ಅವತ್ತು?"

ಲೇಫ್ ಬೂಟಿಗೆ ಮೆತ್ತಿದ ಕೆಸರನ್ನು ರಸ್ತೆಯ ಅಂಚಿಗೆ ಒರೆಸಿದ.

"ನೀನೊಬ್ಬನೇ ನಿಂತಿದ್ದೆಯಲ್ಲೋ," ಎಂದ.